ತಗೋಬಹುದಂತೆ

ನಾನು ಕೇಳಲಿಲ್ಲ. ಕೇಳಿಕೊಂಡು ಬಾ ಎಂದು ತಂಗಿ ಕಳಿಸಿದ್ದಳು. ಔಷಧಿ ಅಂಗಡಿಯವರೆಗೆ ಹೋದೆ, ಸಾಲಿನಲ್ಲಿ ನಿಂತೆ, ಕೇಳಬೇಕಾದವಳ ಎದುರಿಗೇ ಬಂದೆ. ತೋರಿಸಬೇಕಾದ ಮಾತ್ರೆ ನನ್ನ ಕೈಚೀಲದಲ್ಲೇ ಇತ್ತು. ಆದರೂ ಕೇಳದೆ ವಾಪಸು ಬಂದೆ. ಬಂದು ತಂಗಿಗೆ, "ಕೇಳ್ದೆ ಕಣೆ, ತಗೋಬಹುದಂತೆ" ಎಂದೆ.

"ತಗೋಬಹುದು" ಎಂದಿದ್ದರೆ ಅದು ನನ್ನ ಮಾತಾಗಿರುತ್ತಿತ್ತು. ನನ್ನ ತಂಗಿ ಓದಿದವಳು. ಔಷಧಿಯ ವಿಷಯದಲ್ಲಿ ನನ್ನ ಮಾತಿಗೆ ನಕ್ಕುಬಿಡುತ್ತಿದ್ದಳು, ಒಂದು ತೊಟ್ಟೂ ಕುಡಿಯುತ್ತಿರಲಿಲ್ಲ. ಕೊನೆಗೊಂದು "ಅಂತೆ" ಸೇರಿಸಿದ್ದರಿಂದ ಅದು ಬಲ್ಲವರ ಮಾತಾಯಿತು. ತಿಳಿದವರು ಯಾರೋ ಹೇಳಿದ್ದಾರೆ, ನಾನು ಬರೀ ಹೊತ್ತು ತಂದಿದ್ದೇನೆ ಎಂದಾಯಿತು. ಇಲ್ಲದ ಒಬ್ಬ ಮನುಷ್ಯನನ್ನು ನಮ್ಮ ಭಾಷೆಯಲ್ಲಿ ಎರಡೇ ಅಕ್ಷರದಲ್ಲಿ ಹುಟ್ಟಿಸಬಹುದು ಎನ್ನುವುದು ಅಲ್ಲಿಯವರೆಗೆ ನನಗೆ ಹೊಳೆದಿರಲೇ ಇಲ್ಲ. ಹುಟ್ಟಿದಾಗಿನಿಂದ ಅಂತೆ ಅಂತೆ ಎನ್ನುತ್ತಲೇ ಬಂದವಳು ನಾನು. ನಾಳೆ ಕರೆಂಟ್ ಇಲ್ಲವಂತೆ, ಅವರ ಮಗಳಿಗೆ ಗಂಡು ಗೊತ್ತಾಯಿತಂತೆ. ಆ ಎರಡಕ್ಷರಕ್ಕೆ ಒಬ್ಬರ ಉಸಿರನ್ನು ಹಿಡಿದು ನಿಲ್ಲಿಸುವಷ್ಟು ಭಾರವಿದೆ ಎಂದು ಯಾರಿಗೆ ಗೊತ್ತಿತ್ತು?

ನಾನು ತಿಪಟೂರಿನಲ್ಲಿ ರವಿಕೆ ಹೊಲಿಯುವವಳು. ಮಲೇಷ್ಯಾಕ್ಕೆ ಹೋದದ್ದು ತಂಗಿಗೆ ಅಡುಗೆ ಮಾಡಿಹಾಕಲು. ಅವಳು ಪುಚೊಂಗ್‌ನಲ್ಲಿ ಗಂಡ, ಮಗಳ ಜೊತೆ ಇದ್ದಳು, ಕಂಪ್ಯೂಟರ್ ಕಂಪನಿಯ ಕೆಲಸ. ರೈಲು ನಿಲ್ದಾಣದ ಮೆಟ್ಟಿಲ ಮೇಲೆ ಮಳೆನೀರಿಗೆ ಜಾರಿ ಬಿದ್ದು ಸೊಂಟದ ಡಿಸ್ಕ್ ಜರುಗಿತ್ತು. ಏಳುವಂತಿಲ್ಲ, ಕೂರುವಂತಿಲ್ಲ. ನಾನು ಹೋಗಿ ಒಲೆ ಹಿಡಿದೆ. ಅವಳ ಗಂಡ, ಹೇಗಿದ್ದರೂ ಅತ್ತಿಗೆ ಬಂದಿದ್ದಾರಲ್ಲ ಎಂದು, ಕಾಯಿಲೆ ಬಿದ್ದ ತಂದೆಯನ್ನು ನೋಡಿಬರಲು ಮೈಸೂರಿಗೆ ಹೊರಟ. ಅಷ್ಟರಲ್ಲಿ ಕೊರೊನಾ ಬಂತು, ವಿಮಾನ ನಿಂತಿತು. ಅವನು ಅಲ್ಲಿ, ನಾನು ಇಲ್ಲಿ. ಫೋನಿನ ಪರದೆಯಲ್ಲಿ ಅವನನ್ನು ಕಂಡಾಗಲೆಲ್ಲ ನಾವಿಬ್ಬರೂ ಜಾಗ ಬದಲಾಯಿಸಿಕೊಂಡಿದ್ದೇವೆ ಅನ್ನಿಸುತ್ತಿತ್ತು.

ನಾನು ಏಳನೇ ಕ್ಲಾಸಿಗೆ ಓದು ಬಿಟ್ಟದ್ದು ತಂಗಿಗೋಸ್ಕರ ಎಂದು ನಮ್ಮ ನೆಂಟರಲ್ಲಿ ಒಂದು ಕತೆಯಿದೆ. ಅದು ನಿಜವಲ್ಲ. ಇಂಗ್ಲಿಷ್ ಪರೀಕ್ಷೆಯಲ್ಲಿ ಫೇಲಾದೆ, ಇನ್ನೊಂದು ಸಲ ಕೂರಲು ಹೆದರಿದೆ, ಅಷ್ಟೇ. ಯಾರೋ ಕಟ್ಟಿದ ಆ ಕತೆಯನ್ನು ನಾನು ತಿದ್ದಲಿಲ್ಲ. ತಂಗಿ ಅದನ್ನು ಪೂರ್ತಿ ನಂಬಿದ್ದಾಳೆ. ಅದಕ್ಕೇ ಇರಬೇಕು, ನಾನು ಏನು ಹೇಳಿದರೂ ಅವಳು ಎರಡನೇ ಸಲ ಕೇಳುವುದಿಲ್ಲ.

ಮಲೇಷ್ಯಾದ ಬಗ್ಗೆ ಒಂದು ಮಾತು ಹೇಳಬೇಕು. ಅಲ್ಲಿಯ ಬೋರ್ಡುಗಳಲ್ಲಿ ಇಂಗ್ಲಿಷ್ ಅಕ್ಷರಗಳೇ ಇರುತ್ತವೆ, ಆದರೆ ಬಾಯಲ್ಲಿ ಹೇಗೆ ಬರುತ್ತದೋ ಹಾಗೆಯೇ ಬರೆದಿರುತ್ತಾರೆ. ಬಸ್ಸಿಗೆ ಬಾಸ್, ಟ್ಯಾಕ್ಸಿಗೆ ಟೆಕ್ಸಿ, ಫಾರ್ಮಸಿಗೆ ಫಾರ್ಮಾಸಿ. ನನ್ನನ್ನು ಫೇಲು ಮಾಡಿದ ಇಂಗ್ಲಿಷ್ ಇಲ್ಲಿ ತನ್ನ ಸೊಕ್ಕೆಲ್ಲ ಬಿಟ್ಟು ನನ್ನ ಮಟ್ಟಕ್ಕೆ ಇಳಿದು ನಿಂತಿದೆ ಅನ್ನಿಸಿ, ಮೊದಲ ದಿನಗಳಲ್ಲಿ ಬೀದಿಯಲ್ಲಿ ನಿಂತು ಬೋರ್ಡುಗಳನ್ನು ಜೋರಾಗಿ ಓದುತ್ತಿದ್ದೆ. ದಿನಸಿ ಅಂಗಡಿಯ ತಮಿಳರ ಜೊತೆ ನನ್ನ ಮುರುಕು ತಮಿಳು ಸಾಕಾಗುತ್ತಿತ್ತು. ಲಿಫ್ಟಿನಲ್ಲಿ ಸಿಗುತ್ತಿದ್ದ ಪಕ್ಕದ ಮನೆಯ ಮಲಯ್ ಹೆಂಗಸು ನನ್ನನ್ನು ಕಂಡಾಗಲೆಲ್ಲ "ಸುದಾ ಮಕಾನ್?" ಎನ್ನುತ್ತಿದ್ದಳು. ಹಾಗಂದರೆ ಊಟ ಆಯಿತಾ ಎಂದರ್ಥ ಎಂದು ಮಗಳು ಹೇಳಿಕೊಟ್ಟಳು. ಮಗಳು ಎಂದರೆ ತಂಗಿಯ ಮಗಳು. ಸಮುದ್ರ ದಾಟಿ ಬಂದರೂ ಜನ ಊಟ ಆಯಿತಾ ಎಂದೇ ಕೇಳುತ್ತಾರಲ್ಲ ಎಂದು ನನಗೆ ಎಲ್ಲಿಲ್ಲದ ಹಿಗ್ಗು. ಆಗಿದ್ದರೆ "ಸುದಾ", ಆಗದಿದ್ದರೆ "ತಾ ಮಕಾನ್". ಇಷ್ಟು ಕಲಿತದ್ದೇ ತಡ, ನನಗೆ ಈ ಊರಿನ ಭಾಷೆ ಬರುತ್ತದೆ ಎಂದು ಮನೆಯಲ್ಲಿ ಜಂಬ ಕೊಚ್ಚಿಕೊಳ್ಳತೊಡಗಿದೆ.

ಆಗ ಲಾಕ್‌ಡೌನ್, ಮನೆಯಿಂದ ಒಬ್ಬರೇ ಹೊರಗೆ ಹೋಗಬಹುದಿತ್ತು, ಮಕ್ಕಳು ಹೋಗುವಂತಿರಲಿಲ್ಲ. ಆ ಒಬ್ಬರು ನಾನೇ. ಒಂದು ಬೆಳಗ್ಗೆ ತಂಗಿಗೆ ಗಂಟಲು ಕಟ್ಟಿ, ಮೂಗು ಸುರಿದು, ಕೆಮ್ಮು ಶುರುವಾಯಿತು. ಕೆಮ್ಮಿದಾಗಲೆಲ್ಲ ಸೊಂಟಕ್ಕೆ ಚೂರಿ ಹಾಕಿದಂತಾಗಿ ಹಲ್ಲು ಕಚ್ಚುತ್ತಿದ್ದಳು. ಸೊಂಟಕ್ಕೆಂದು ಡಾಕ್ಟರ್ ಬರೆದುಕೊಟ್ಟ ಕ್ಯಾಪ್ಸೂಲ್ ಒಂದಿತ್ತು. ಬಲವಾದ ಔಷಧಿ, ಚೀಟಿ ಇಲ್ಲದೆ ಕೊಡುವುದಿಲ್ಲ.

"ಅಕ್ಕಾ, ಫಾರ್ಮಸಿಗೆ ಹೋಗಿ ನೆಗಡಿ-ಕೆಮ್ಮಿಂದು ಸಿರಪ್ ತರ್ತೀಯಾ? ಇಗೋ, ನನ್ನ ಕ್ಯಾಪ್ಸೂಲ್ ಸ್ಟ್ರಿಪ್. ಇದನ್ನ ತೋರ್ಸಿ, ಇದರ ಜೊತೆ ಅದನ್ನ ತಗೋಬಹುದಾ ಅಂತ ಕೇಳು. ಮರೀಬೇಡ, ಅದೇ ಮುಖ್ಯ."

"ಅಷ್ಟು ಕೇಳೋಕೆ ಬರಲ್ವೇನೆ ನಂಗೆ?"

"ಇಂಗ್ಲಿಷಲ್ಲಿ ಒಂದು ಚೀಟಿ ಬರೆದುಕೊಡ್ಲಾ?"

"ನಾನೇನು ಬಾಲವಾಡಿ ಮಗುವಾ, ಚೀಟಿ ಹಿಡ್ಕೊಂಡು ಅಂಗಡಿಗೆ ಹೋಗೋಕೆ?"

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕ್ಲಾಸು ಕೇಳುತ್ತಿದ್ದ ಮಗಳು ಕಿವಿಯಿಂದ ಇಯರ್‌ಫೋನ್ ತೆಗೆದಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. "ದೊಡ್ಡಮ್ಮಾ, ಯುವರ್ ಮಲಯ್ ಈಸ್ ಓನ್ಲಿ ಫೈವ್ ವರ್ಡ್ಸ್ ಲಾ."

"ಐದಾದ್ರೆ ಐದು. ನಿನ್ನ ಕನ್ನಡಕ್ಕಿಂತ ಜಾಸ್ತಿ. ನೀನು ಪಾಠ ಕೇಳು."

ತಂಗಿ ನಗಲು ಹೋಗಿ ಕೆಮ್ಮಿ, "ಅಯ್ಯೋ ನಗಿಸ್ಬೇಡ್ರೇ" ಎಂದು ಸೊಂಟ ಹಿಡಿದುಕೊಂಡಳು. ಫೋನು ಮಾಡಿಯೂ ಕೇಳಬಹುದಿತ್ತು, ಆದರೆ ಅವಳ ದನಿಯೇ ಹೊರಡುತ್ತಿರಲಿಲ್ಲ. ಹೇಗೂ ಅಕ್ಕ ಹೋಗುತ್ತಿದ್ದಾಳಲ್ಲ.

ಉಪ್ಪಿಟ್ಟು ಮಾಡಿಟ್ಟು, ತಿನ್ನದೆ ಹೊರಟೆ. ಇಳಿಯುವಾಗ ಲಿಫ್ಟಿನಲ್ಲಿ ಒಬ್ಬಳೇ ಇದ್ದೆ. ಹೇಳಬೇಕಾದದ್ದನ್ನು ಮತ್ತೆ ಮತ್ತೆ ಹೇಳಿ ನೋಡಿಕೊಂಡೆ. "ದಿಸ್ ಆಂಡ್ ದಿಸ್, ಟುಗೆದರ್ ಓಕೆ?" ಅಷ್ಟೇ. ಅಷ್ಟೇ ಸಾಕಿತ್ತು.

ಅಂಗಡಿ ನಮ್ಮ ಕಟ್ಟಡದ ಆಚೆ ಬದಿಯ ಸಾಲಿನಲ್ಲಿ. ಪಕ್ಕದಲ್ಲಿದ್ದ ಮಾಮಕ್, ಅಂದರೆ ತಮಿಳು ಮುಸ್ಲಿಮರ, ಹೋಟೆಲಿನ ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಮಗುಚಿ ಹಾಕಿದ್ದರು, ಕಟ್ಟಿಸಿಕೊಂಡು ಹೋಗುವವರು ಮಾತ್ರ ದೂರ ದೂರ ನಿಂತಿದ್ದರು. ಫಾರ್ಮಸಿಯ ಬಾಗಿಲಲ್ಲಿ ಹಣೆಗೆ ಯಂತ್ರ ಹಿಡಿದು ಜ್ವರ ನೋಡಿದರು. ನೆಲಕ್ಕೆ ಕೆಂಪು ಟೇಪು ಅಂಟಿಸಿ ನಿಲ್ಲುವ ಜಾಗ ಗುರುತು ಮಾಡಿದ್ದರು. ಒಳಗೆ ಪ್ಲಾಸ್ಟಿಕ್ ಹಾಳೆಯ ಆಚೆ ಚೀನೀ ಹುಡುಗಿ, ಫಾರ್ಮಸಿಸ್ಟ್. ಮಾಸ್ಕು, ಅದರ ಮೇಲೆ ಮುಖ ಮುಚ್ಚುವ ಗಾಜಿನಂಥ ಪರದೆ, ಅದರೊಳಗೆ ಆವಿ ಹಿಡಿದ ಕನ್ನಡಕ. ಅವಳ ಮುಖವೇ ಕಾಣದು. ನನ್ನ ಮುಖವೂ ಅವಳಿಗೆ ಕಾಣದು. ಇಬ್ಬರ ನಡುವೆ ತುಟಿಗಳಿಲ್ಲದೆ ಮಾತು ಸಾಗಬೇಕಿತ್ತು.

"ಯೆಸ್ ಆಂಟಿ?"

"ಸಿಸ್ಟರ್," ಎಂದೆ. ಮೂಗು ಮುಟ್ಟಿಕೊಂಡೆ, ಗಂಟಲು ಮುಟ್ಟಿಕೊಂಡೆ, ಅರ್ಥವಾಗಲಿ ಎಂದು ಖೊಕ್ಕ್ ಎಂದು ಕೆಮ್ಮಿ ತೋರಿಸಿದೆ. ಆ ದಿನಗಳಲ್ಲಿ ಜನರ ನಡುವೆ ಕೆಮ್ಮುವುದೆಂದರೆ ಏನು ಎಂದು ಓದುವವರಿಗೆ ಹೇಳಬೇಕಿಲ್ಲ. ಹಿಂದಿನವನು ಟೇಪು ಬಿಟ್ಟು ಹಿಂದಕ್ಕೆ ಹಾರಿದ. ಎಲ್ಲರೂ ನನ್ನನ್ನೇ ನೋಡಿದರು. ಬೆವೆತುಹೋದೆ. ಕೆಮ್ಮು ಇರುವುದು ಮನೆಯಲ್ಲಿರುವ ತಂಗಿಗೆ ಎಂದು ಗೊತ್ತಾದರೆ ಬಂದು ಎತ್ತಿಕೊಂಡು ಹೋಗುತ್ತಾರೇನೋ ಎಂಬ ಭಯ ಒಂದು ಕಡೆ. ಬಾಯಿ ತೆರೆದರೆ ನನ್ನ ಇಂಗ್ಲಿಷಿಗೆ ನಗುತ್ತಾರೆ ಎಂಬುದು ಇನ್ನೊಂದು ಕಡೆ. ಆ ಹುಡುಗಿ ಮಾತ್ರ ಹಿಂದೆ ಸರಿಯಲಿಲ್ಲ. ಮೆಲ್ಲಗೆ ಏನೇನೋ ಕೇಳಿದಳು. ಜ್ವರದ ಬಗ್ಗೆ ಎಂದು ಹಣೆ ಮುಟ್ಟಿಕೊಂಡದ್ದರಿಂದ ತಿಳಿಯಿತು, ಇಲ್ಲ ಎಂದು ತಲೆಯಾಡಿಸಿದೆ. ಆಮೇಲೆ ಇನ್ನೊಂದು ಪ್ರಶ್ನೆ. ಅದರಲ್ಲಿ ನನಗೆ ಸಿಕ್ಕಿದ್ದು ಒಂದೇ ಪದ, "ಮಕಾನ್".

ಈ ಗಡಿಬಿಡಿಯಲ್ಲೂ ಊಟ ಆಯಿತಾ ಎಂದು ಕೇಳುತ್ತಿದ್ದಾಳಲ್ಲ ಎಂದು ನನ್ನ ಎದೆ ತಣ್ಣಗಾಯಿತು. ನನಗೆ ಗೊತ್ತಿದ್ದ ಉತ್ತರ ಇದೊಂದೇ. ತಿಂಡಿ ತಿಂದಿರಲಿಲ್ಲ, ಇದ್ದದ್ದನ್ನೇ ಹೇಳಿದೆ. "ತಾ ಮಕಾನ್, ತಾ ಮಕಾನ್."

ಅವಳು ತಲೆಯಾಡಿಸಿ ಒಂದು ಬಾಟಲಿ ತಂದು ಇಟ್ಟಳು. ಚಮಚೆಯ ಅಳತೆ ತೋರಿಸಿದಳು. ಕೆನ್ನೆಗೆ ಅಂಗೈ ಒತ್ತಿ ಕಣ್ಣು ಮುಚ್ಚಿ, ಇದು ನಿದ್ದೆ ಬರಿಸುತ್ತದೆ ಎಂದು ಅಭಿನಯಿಸಿದಳು. ನನ್ನ ಬಲಗೈ ಚೀಲದೊಳಗೆ ಆ ಸ್ಟ್ರಿಪ್ಪಿನ ಮೇಲೇ ಇತ್ತು. ಕ್ಯಾಪ್ಸೂಲುಗಳ ಉಬ್ಬು ಬೆರಳಿಗೆ ತಾಗುತ್ತಿತ್ತು. ದಿಸ್ ಆಂಡ್ ದಿಸ್. ಹಿಂದಿನವನು ಗೊಣಗಿದ, ಇಲ್ಲಿಯವರು ಮಾತಿನ ಕೊನೆಗೆ ಸೇರಿಸುವ "ಲಾ" ಒಂದೇ ಕೇಳಿಸಿತು. ನಾನು ಬಾಟಲಿ ಎತ್ತಿಕೊಂಡು ಹೊರಟುಬಿಟ್ಟೆ.

ಹೊರಗೆ ಬಂದು ಸ್ವಲ್ಪ ಹೊತ್ತು ನಿಂತೆ. ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತರೆ ಆಗುತ್ತಿತ್ತು. ನನ್ನನ್ನು ಯಾರೂ ತಡೆದಿರಲಿಲ್ಲ. ಅಲ್ಲಿ ನಿಂತು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಿರಪ್ಪು ಮೂಗು ಗಂಟಲಿಗೆ, ಕ್ಯಾಪ್ಸೂಲು ಸೊಂಟಕ್ಕೆ. ತೋಳಿಗೆ ಕತ್ತರಿಸಿದ ಬಟ್ಟೆ ತೋಳಿಗೆ, ಬೆನ್ನಿಗೆ ಕತ್ತರಿಸಿದ್ದು ಬೆನ್ನಿಗೆ. ಅದಕ್ಕೂ ಇದಕ್ಕೂ ಏನು ಸಂಬಂಧ? ಔಷಧಿಗೆ ದಾರಿ ಗೊತ್ತಿರುತ್ತದೆ, ಅದು ತಾನು ಹೋಗಬೇಕಾದ ಕಡೆಗೇ ಹೋಗುತ್ತದೆ ಎಂದು ನಾನು ಆ ವಯಸ್ಸಿನವರೆಗೂ ನಂಬಿದ್ದೆ.

"ಕೇಳಿದ್ಯಾ?" ತಂಗಿ ಮಲಗಿದ್ದಲ್ಲಿಂದಲೇ ಕೇಳಿದಳು.

"ಕೇಳ್ದೆ ಕಣೆ, ತಗೋಬಹುದಂತೆ. ಸ್ವಲ್ಪ ನಿದ್ದೆ ಬರುತ್ತಂತೆ."

ಎರಡನೇ "ಅಂತೆ" ನಿಜ, ಮೊದಲನೆಯದು ಸುಳ್ಳು. ಎರಡೂ ಒಂದೇ ದನಿಯಲ್ಲಿ, ಒಂದೇ ಉಸಿರಿನಲ್ಲಿ ಹೊರಬಂದವು. ಕೇಳಿಸಿಕೊಂಡವರಿಗೆ ಒಂದಿಷ್ಟೂ ಫರಕು ತಿಳಿಯುವಂತಿರಲಿಲ್ಲ.

"ಥ್ಯಾಂಕ್ಸ್ ಅಕ್ಕಾ," ಎಂದಳು.

ಮಧ್ಯಾಹ್ನ ಅನ್ನ ಸಾರು ಉಂಡು ಕ್ಯಾಪ್ಸೂಲು ನುಂಗಿದಳು, ಅದರ ಮೇಲೆ ಸಿರಪ್ಪು ಕುಡಿದಳು. ನಾನೇ ಚಮಚೆಗೆ ಹೊಯ್ದು ಕೊಟ್ಟೆ. ಅವಳು ನಿದ್ದೆ ಹೋದಳು. ಬಿದ್ದಾಗಿನಿಂದ ಒಂದು ದಿನವೂ ಸರಿಯಾಗಿ ಕಣ್ಣು ಮುಚ್ಚಿದವಳಲ್ಲ. ಮಗ್ಗುಲು ಬದಲಿಸಿದರೆ ನರಳುತ್ತಿದ್ದವಳು ಈಗ ಅಲುಗದೆ ಮಲಗಿದ್ದಳು, ಹಣೆಯ ಗಂಟು ಬಿಚ್ಚಿ ಮುಖ ಚಿಕ್ಕಂದಿನ ಹಾಗಾಗಿತ್ತು. ನನಗೆ ಗೆದ್ದಷ್ಟು ಖುಷಿ. ನಮ್ಮಲ್ಲಿ ಕಾಯಿಲೆಯವರು ನಿದ್ದೆ ಹೋದರೆ ಅರ್ಧ ವಾಸಿಯಾದಂತೆ, ಅವರನ್ನು ಎಬ್ಬಿಸುವುದು ಮಹಾಪಾಪ. ಕಿಟಕಿಯ ಪರದೆ ಎಳೆದೆ. ಕುಕ್ಕರ್ ಕೂಗಬಾರದೆಂದು ಸಂಜೆಗೆ ಬೇಳೆಯನ್ನು ಪಾತ್ರೆಯಲ್ಲೇ ಬೇಯಲು ಇಟ್ಟೆ. ಹೊರಗೆ ಗುಡುಗಿ ಮಳೆ ಹೊಡೆಯಿತು, ಆದರೂ ಅವಳು ಏಳಲಿಲ್ಲ. ಎಂಥಾ ಒಳ್ಳೆಯ ನಿದ್ದೆ ಎಂದುಕೊಂಡೆ.

ಕ್ಲಾಸು ಮುಗಿಸಿ ಬಂದ ಮಗಳು ಕೋಣೆಯೊಳಗೆ ಇಣುಕಿದಳು. "ದೊಡ್ಡಮ್ಮಾ, ಮಮ್ಮಿ ಈಸ್ ಸ್ನೋರಿಂಗ್ ಸೋ ಫನ್ನಿ."

"ಶ್! ಎಬ್ಬಿಸ್ಬೇಡ. ಮಲಗ್ಲಿ ಪಾಪ."

"ನೋ, ಕಮ್ ಆಂಡ್ ಹಿಯರ್."

"ಹೋಗೇ, ಗಲಾಟೆ ಮಾಡ್ಬೇಡ" ಎಂದು ಗದರಿದೆ. ಅವಳು ಹೋಗಲಿಲ್ಲ, ನನ್ನ ಸೆರಗು ಹಿಡಿದು ಎಳೆದಳು. ಎಳೆಯದೆ ಇದ್ದಿದ್ದರೆ ನಾನು ಬೇಳೆಯನ್ನೇ ನೋಡಿಕೊಂಡು ನಿಂತಿರುತ್ತಿದ್ದೆ.

ಹಾಸಿಗೆಯ ಹತ್ತಿರ ಹೋಗಿ ಕಿವಿ ಕೊಟ್ಟೆ. ಗೊರಕೆಯಂಥ ಒಂದು ಉಸಿರು ಬಂತು. ಆಮೇಲೆ ಏನೂ ಇಲ್ಲ. ಇನ್ನೊಂದು ಬರುತ್ತದೆ ಎಂದು ಕಾದೆ. ಬರಲಿಲ್ಲ. ಹೊರಗೆ ಮಳೆ ಸುರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು, ಪ್ರಪಂಚದಲ್ಲಿ ಎಲ್ಲವೂ ನಡೆಯುತ್ತಿತ್ತು, ಅವಳ ಎದೆಯೊಂದು ಬಿಟ್ಟು. ಆಮೇಲೆ ಎಲ್ಲೋ ಬಹಳ ಆಳದಿಂದ, ಬಾವಿಯ ತಳದಿಂದ ಕೊಡ ಎತ್ತಿದ ಹಾಗೆ, ಇನ್ನೊಂದು ಉಸಿರು ಮೇಲೆ ಬಂತು.

ಉಸಿರು ಎಂದರೆ ಏನು ಎಂದು ನಾನು ಆ ಹೊತ್ತಿನವರೆಗೂ ಯೋಚಿಸಿದವಳಲ್ಲ. ಅದು ಇರುತ್ತದೆ, ಅಷ್ಟೇ. ಸಾವಿರಾರು ರವಿಕೆಗೆ ಎದೆಯ ಅಳತೆ ತೆಗೆದಿದ್ದೇನೆ, ಉಸಿರು ಬಿಡಿ ಎಂದು ಹೇಳಿ ಟೇಪು ಬಿಗಿಹಿಡಿದಿದ್ದೇನೆ. ಅದು ತಾನಾಗಿ ಹೋಗಿ ತಾನಾಗಿ ಬರುವುದಲ್ಲ, ಒಳಗೆ ಯಾರೋ ನಿದ್ದೆಗೆಟ್ಟು ಕೂತು ಪ್ರತಿಯೊಂದನ್ನೂ ಎಳೆದು ಎಳೆದು ತರುತ್ತಿದ್ದಾರೆ ಎಂದು ಅವತ್ತು ಕಂಡಿತು. ಒಳಗಿದ್ದ ಅವರಿಗೂ ಈಗ ಮಂಪರು ಹತ್ತಿತ್ತು. ಆ ಮಂಪರನ್ನು ಚಮಚೆಯಲ್ಲಿ ಹೊಯ್ದು ಕೊಟ್ಟವಳು ನಾನು.

ಅಲುಗಿಸಿದೆ, ಕೆನ್ನೆ ತಟ್ಟಿದೆ, ಹೆಸರು ಹಿಡಿದು ಕಿರುಚಿದೆ. ಕಣ್ಣು ಅರ್ಧ ತೆರೆದು ಏನೋ ತೊದಲಿ ಮತ್ತೆ ಮುಳುಗಿದಳು. ಮಗಳು ಅಷ್ಟರಲ್ಲೇ ಆಂಬುಲೆನ್ಸಿಗೆ ಫೋನು ಮಾಡಿದ್ದಳು. ಇನ್ನೂ ಹೈಸ್ಕೂಲಿನ ಮಗು, ಆದರೂ ಮನೆಯ ವಿಳಾಸವನ್ನು ಒಂದಕ್ಷರವೂ ತಪ್ಪದೆ ಹೇಳಿದಳು. ಆ ಕಡೆಯವರು ಹೇಳಿದಂತೆ ನಾವಿಬ್ಬರೂ ಸೇರಿ ತಂಗಿಯನ್ನು ಮಗ್ಗುಲಿಗೆ ಹೊರಳಿಸಿದೆವು. ಏನೇನು ಔಷಧಿ ಎಂದು ಕೇಳಿದರಂತೆ. ನಾನು ಸ್ಟ್ರಿಪ್ಪನ್ನೂ ಬಾಟಲಿಯನ್ನೂ ತಂದು ಅವಳ ಎದುರಿಗೆ ಹಿಡಿದೆ. ಬೆಳಗ್ಗೆ ಯಾವ ಎರಡನ್ನು ಒಟ್ಟಿಗೆ ಎತ್ತಿ ಹಿಡಿಯಲಾರದೆ ಬಂದಿದ್ದೆನೋ ಅವೇ ಎರಡನ್ನು. ಅವಳು ಅಕ್ಷರ ಬಿಡಿಸಿ ಬಿಡಿಸಿ ಓದಿ ಹೇಳಿದಳು. ಆಮೇಲೆ ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದಳು.

"ದೊಡ್ಡಮ್ಮಾ, ದೇ ಆರ್ ಆಸ್ಕಿಂಗ್, ಡಿಡ್ ದ ಫಾರ್ಮಸಿಸ್ಟ್ ಚೆಕ್? ಯು ಆಸ್ಕ್ಡ್, ರೈಟ್?"

ನನಗೆ ಅದು ಪೂರ್ತಿ ಅರ್ಥವಾಯಿತು. ಅಂಥ ಇಂಗ್ಲಿಷ್ ಅರ್ಥವಾಗಲು ಓದು ಬೇಕಿಲ್ಲ.

"ಕೇಳಿಲ್ಲ ಮಗಾ," ಎಂದೆ. "ಕೇಳಿಲ್ಲ ಅಂತ ಹೇಳು."

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ನಂತರ ಫೋನಿಗೆ, "ನೋ. ನೋಬಡಿ ಆಸ್ಕ್ಡ್," ಎಂದಳು. ನನ್ನ ದೊಡ್ಡಮ್ಮ ಕೇಳಲಿಲ್ಲ ಎನ್ನಲಿಲ್ಲ. ಆ ಹೊತ್ತಿನಲ್ಲೂ ಆ ಮಗು ನನ್ನ ಮಾನ ಮುಚ್ಚಿತು.

ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಟ್ಟವರು ಬಂದರು. ಒಬ್ಬ ತಂಗಿಯ ಬೆರಳಿಗೆ ಕ್ಲಿಪ್ಪಿನಂಥದ್ದನ್ನು ಸಿಕ್ಕಿಸಿದ. ಅದರ ಬೆಳಕು ಉಗುರು ಮಾಂಸ ಎಲ್ಲ ದಾಟಿ ಬೆರಳು ಕೆಂಪಗೆ ಹೊಳೆಯಿತು. ಒಳಗಿನ ರಕ್ತದಲ್ಲಿ ಎಷ್ಟು ಗಾಳಿ ಇದೆ ಎಂದು ಅದು ಹೊರಗಿನಿಂದಲೇ ಓದುತ್ತದಂತೆ. ಇನ್ನೊಬ್ಬ ಅವಳ ಮುಖದ ಹತ್ತಿರ ಬಗ್ಗಿ "ಕಾಕ್! ಕಾಕ್!" ಎಂದು ಜೋರಾಗಿ ಕರೆದ. ಹಾಗಂದರೆ ಅಕ್ಕ ಎಂದು ನನಗೆ ಗೊತ್ತಿತ್ತು. ಎಲ್ಲಿಯವನೋ, ಮುಖವೂ ಕಾಣದವನು, ಸೋಂಕಿರಬಹುದೆಂದು ತಿಳಿದೂ ನನ್ನ ತಂಗಿಯ ಬಾಯಿಯ ಹತ್ತಿರ ಕಿವಿಯಿಟ್ಟು ಅಕ್ಕಾ ಅಕ್ಕಾ ಎನ್ನುತ್ತಿದ್ದ. ನಾನು ಗೋಡೆಗೆ ಒರಗಿ ನಿಂತು, ಇಂಥವರು ಇರುವ ಪ್ರಪಂಚದಲ್ಲಿ ನಾನು ಒಂದು ಮಾತು ಕೇಳಲು ನಾಚಿಕೊಂಡೆನಲ್ಲ ಎಂದುಕೊಳ್ಳುತ್ತಾ ನೋಡುತ್ತಿದ್ದೆ.

ಜೊತೆಗೆ ಹೋಗಲು ಬಿಡಲಿಲ್ಲ. ಬಾಲ್ಕನಿಯಿಂದ ಮಗಳೂ ನಾನೂ ಆಂಬುಲೆನ್ಸು ಹೋಗುವುದನ್ನು ನೋಡಿದೆವು. ಯಾವಾಗಲೂ ಕಾರುಗಳು ಕಿಕ್ಕಿರಿದಿರುತ್ತಿದ್ದ ರಸ್ತೆ ಖಾಲಿಯಾಗಿ ಒದ್ದೆಯಾಗಿ ಬಿದ್ದಿತ್ತು, ಅದೊಂದೇ ಗಾಡಿ. ಮಗಳು ನನ್ನ ಕೈ ಹಿಡಿದುಕೊಂಡಿದ್ದಳು. ಆ ಕೈಗೆ ನಾನು ಯೋಗ್ಯಳಲ್ಲ ಅನ್ನಿಸಿದರೂ ಬಿಡಿಸಿಕೊಳ್ಳಲಿಲ್ಲ.

ಮರುದಿನ ಫೋನು ಬಂತು. "ಅಕ್ಕಾ, ಇಲ್ಲಿ ಕಾಫಿ ಅಂತ ಏನೋ ಕೊಡ್ತಾರೆ, ಬಣ್ಣದ ನೀರು." ತಂಗಿಯದೇ ದನಿ, ಒಡಕು ದನಿ. ನಾನು ಫೋನನ್ನು ಕಿವಿಗೆ ಒತ್ತಿಕೊಂಡು, ಅವಳ ಮಾತಿಗಿಂತ ಮಾತಿನ ನಡುವೆ ಅವಳು ಎಳೆದುಕೊಳ್ಳುತ್ತಿದ್ದ ಉಸಿರನ್ನೇ ಕೇಳುತ್ತಿದ್ದೆ. ಕೊರೊನಾ ಇರಲಿಲ್ಲ, ಬರೀ ನೆಗಡಿ. ಮಂಪರು ಇಳಿಸುವ ಔಷಧಿ ಕೊಟ್ಟು, ನೋಡಿಕೊಂಡು, ಮನೆಗೆ ಕಳಿಸಿದರು.

ಇಲ್ಲಿಗೆ ಮುಗಿದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲವೇನೋ. ಮನೆಗೆ ಬಂದು ಸ್ವಲ್ಪ ಚೇತರಿಸಿಕೊಂಡ ಮೇಲೆ ತಂಗಿಗೆ ಸಿಟ್ಟು ಬಂತು. ನನ್ನ ಮೇಲಲ್ಲ.

"ಆ ಫಾರ್ಮಸಿ ಹುಡುಗಿ ಸ್ಟ್ರಿಪ್ ನೋಡಿಯೂ ತಗೋಬಹುದು ಅಂದ್ಲಲ್ಲ, ಅದು ಹೇಗೆ ಅಂತೀನಿ! ಆಸ್ಪತ್ರೇಲಿ ಡಾಕ್ಟರೇ ಹೇಳಿದ್ರು, ಯಾರೂ ಹಾಗೆ ಹೇಳಬಾರದಿತ್ತು ಅಂತ. ನಾಳೆ ಇನ್ನೊಬ್ಬರಿಗೂ ಹೀಗೇ ಹೇಳ್ತಾಳೆ. ಕಂಪ್ಲೇಂಟ್ ಕೊಡ್ತೀನಿ."

"ಬಿಡೆ, ಚಿಕ್ಕ ಹುಡುಗಿ, ಪಾಪ."

"ಅವಳು ಪಾಪಾನಾ? ನಾನು ಹೋಗಿಬಿಟ್ಟಿದ್ರೆ ಯಾರು ಪಾಪ?"

ಮೇಜಿನ ಹತ್ತಿರದಿಂದ ಮಗಳು ನನ್ನನ್ನೇ ನೋಡುತ್ತಿದ್ದಳು. ನಾನು ತಲೆ ಎತ್ತದೆ ಸೊಪ್ಪು ಬಿಡಿಸುತ್ತಿದ್ದೆ. ಆವತ್ತು ಸುಮ್ಮನಿದ್ದದ್ದು ಮೊದಲನೆಯ ತಪ್ಪಿಗಿಂತ ದೊಡ್ಡದು. ಎರಡಕ್ಷರದಲ್ಲಿ ನಾನು ಹುಟ್ಟಿಸಿದ್ದ ಇಲ್ಲದ ಮನುಷ್ಯನಿಗೆ ಈಗ ಒಂದು ನಿಜವಾದ ಹುಡುಗಿಯ ಮುಖ ಬಂದಿತ್ತು. ಎಲ್ಲರೂ ಹಿಂದೆ ಹಾರಿದಾಗ ಹಾರದೆ ನಿಂತವಳ ಮುಖ. ಅವಳ ಕೆಲಸ ಹೋಗುವುದರಲ್ಲಿತ್ತು, ನನ್ನಿಂದ.

ಪುಣ್ಯಕ್ಕೆ ತಂಗಿ ನ್ಯಾಯವಂತೆ. ದೂರು ಕೊಡುವ ಮೊದಲು ಒಂದು ಸಲ ಮುಖತಃ ಕೇಳುತ್ತೇನೆ ಎಂದಳು. ನಿರ್ಬಂಧ ಸ್ವಲ್ಪ ಸಡಿಲವಾಗಿ, ಅವಳು ಬೆಲ್ಟು ಕಟ್ಟಿಕೊಂಡು ನಿಧಾನ ನಡೆಯುವಂತಾದಾಗ ನಾವಿಬ್ಬರೂ ಹೊರಟೆವು. ಬಾಗಿಲಲ್ಲಿ ಮಗಳು ನನ್ನ ಮಾಸ್ಕಿನ ದಾರ ಸರಿಮಾಡಿದಳು. ಕಿವಿಯ ಹತ್ತಿರ, ಅವಳ ಅಮ್ಮನಿಗೆ ಕೇಳದಂತೆ, "ದೊಡ್ಡಮ್ಮಾ, ಹೇಳಿ" ಎಂದಳು. ಕನ್ನಡದಲ್ಲಿ.

ಫಾರ್ಮಸಿಯ ಹುಡುಗಿಗೆ ನನ್ನ ಗುರುತು ಹತ್ತಿತು. ತಂಗಿ ಇಂಗ್ಲಿಷಿನಲ್ಲಿ ನಡೆದದ್ದನ್ನು ಹೇಳುತ್ತಾ ಹೋದಂತೆ ಆ ಪರದೆಯ ಹಿಂದೆ ಅವಳ ಕಣ್ಣುಗಳು ದೊಡ್ಡವಾದವು. ಮಾತು ಮುಗಿಯುವ ಮೊದಲೇ ಅವಳು ಒಳಗಿನಿಂದ ಒಂದು ಸ್ಟೂಲು ತಂದು ತಂಗಿಯನ್ನು ಕೂರಿಸಿದಳು. ಈಗ ಹೇಗಿದ್ದೀರಿ ಎಂದೇ ಮೊದಲು ಕೇಳಿದ್ದು. ಆಮೇಲೆ ಏನೋ ನೆನಪು ಮಾಡಿಕೊಳ್ಳುತ್ತಾ ಹೇಳಿದಳು.

ತಂಗಿ ನನ್ನ ಕಡೆ ತಿರುಗಿದಳು. "ಅಕ್ಕಾ, ನೀನು ಸ್ಟ್ರಿಪ್ ತೋರಿಸ್ಲೇ ಇಲ್ಲ ಅಂತಾಳೆ. ಬೇರೆ ಏನಾದ್ರೂ ಔಷಧಿ ತಗೊಳ್ತಿದ್ದಾರಾ ಅಂತ ಅವಳೇ ಕೇಳಿದ್ಲಂತೆ. ನೀನು ಇಲ್ಲ ಅಂದ್ಯಂತೆ."

"ಅವಳು ಯಾವಾಗ ಕೇಳಿದ್ಲು?"

ಹುಡುಗಿ ಅಂದಿನ ಪ್ರಶ್ನೆಯನ್ನೇ ಮತ್ತೆ ನಿಧಾನವಾಗಿ ಹೇಳಿದಳು. "ಅದಾ ಮಕಾನ್ ಉಬಾತ್ ಲಾಯಿನ್?"

ಮಕಾನ್! "ಉಬಾತ್ ಅಂದ್ರೆ ಔಷಧಿ ಅಕ್ಕಾ," ಎಂದಳು ತಂಗಿ. ನಾವು ಔಷಧಿ ತಗೋತೀವಿ, ಕುಡೀತೀವಿ, ನುಂಗ್ತೀವಿ. ಇವರು ತಿನ್ನುತ್ತಾರೆ. ಬೇರೆ ಔಷಧಿ ತಿನ್ನುತ್ತಿದ್ದಾರಾ ಎಂದು ಅವಳು ಕೇಳಿದರೆ, ನಾನು ತಿಂಡಿ ತಿಂದಿಲ್ಲ ಎಂದಿದ್ದೆ.

ಯಾವ ಪ್ರಶ್ನೆಯನ್ನು ಕೇಳುವ ಧೈರ್ಯ ನನಗಿರಲಿಲ್ಲವೋ ಆ ಪ್ರಶ್ನೆ ತಾನೇ ನಡೆದುಕೊಂಡು ನನ್ನ ಹತ್ತಿರ ಬಂದಿತ್ತು. ನನ್ನ ತಂಗಿಯ ಹೆಸರೂ ತಿಳಿಯದ ಈ ಹುಡುಗಿ, ದಿನವಿಡೀ ಬರುವ ಪ್ರತಿಯೊಬ್ಬರ ಬಳಿಯೂ ಇದೊಂದು ಮಾತು ಕೇಳುತ್ತಾಳೆ. ಕೇಳಿ ಕೇಳಿ ಗಂಟಲು ಒಣಗಿದರೂ ಕೇಳುತ್ತಾಳೆ. ಆ ಸಣ್ಣ ಮಾತಿನೊಳಗೆ ಎಷ್ಟು ಮನೆಗಳ ಉಸಿರು ಇದೆಯೋ!

ಅವಳು ನಮಗೆ ತೋರಿಸಿಕೊಟ್ಟಳು. ಎಡಗೈಯನ್ನು ಗಾಳಿಯಲ್ಲಿ ಮೇಲೆ ಕೆಳಗೆ ಆಡಿಸಿದಳು, ಅದು ಉಸಿರು. ಬಲಗೈಯನ್ನು ಅದರ ಮೇಲೆ ಮೆಲ್ಲಗೆ ಇಟ್ಟಳು, ಅದು ನೋವಿನ ಕ್ಯಾಪ್ಸೂಲು, ಎಡಗೈ ನಿಧಾನವಾಯಿತು. ತಂಗಿಯ ಕೈಯನ್ನೂ ಅದರ ಮೇಲೆ ಇಡಿಸಿಕೊಂಡಳು, ಅದು ನಿದ್ದೆ ಬರಿಸುವ ಸಿರಪ್ಪು. ಎಡಗೈ ನಿಂತೇಹೋಯಿತು. ಒಂದೊಂದೇ ಇದ್ದರೆ ತಡೆದುಕೊಳ್ಳುತ್ತದೆ, ಎರಡೂ ಕೂತರೆ ಸೋಲುತ್ತದೆ. ಔಷಧಿ ಮೂಗಿಗೂ ಹೋಗುವುದಿಲ್ಲ, ಸೊಂಟಕ್ಕೂ ಹೋಗುವುದಿಲ್ಲ, ರಕ್ತದಲ್ಲಿ ಬೆರೆತು ಮೈಯೆಲ್ಲ ತಿರುಗುತ್ತದೆ, ತಲೆಯೊಳಗೂ ಹೋಗುತ್ತದೆ ಎಂದು ತಂಗಿ ಬಿಡಿಸಿ ಹೇಳಿದಳು. ಎಲ್ಲಾ ಬಟ್ಟೆಯೂ ಒಂದೇ ಥಾನಿನದು. ನಾನು ಆ ನಿಂತ ಕೈಯನ್ನೇ ನೋಡುತ್ತಿದ್ದೆ.

ಆಮೇಲೆ ಹುಡುಗಿ ಪರದೆಯನ್ನು ಮೇಲಕ್ಕೆತ್ತಿದಳು. ಕನ್ನಡಕ ತೆಗೆದಳು. ಕಣ್ಣಂಚು ಒದ್ದೆಯಾಗಿತ್ತು. ತಂಗಿಗೆ ಏನೋ ಹೇಳಿ, ನನ್ನ ಕಡೆ ತಿರುಗಿ ತಲೆ ಬಾಗಿಸಿದಳು. "ಮಿಂತಾ ಮಾಫ್, ಆಂಟಿ."

ಮಾಫ್. ಅದನ್ನು ಯಾರೂ ನನಗೆ ತಿಳಿಸಿಹೇಳಬೇಕಿರಲಿಲ್ಲ.

"ಇನ್ನೊಂದು ಸಲ ಬೇರೆ ಥರ ಕೇಳ್ಬೇಕಿತ್ತು, ಆಂಟಿಗೆ ಅರ್ಥ ಆಯ್ತಾ ಅಂತ ನೋಡ್ಬೇಕಿತ್ತು, ನಂದೇ ತಪ್ಪು ಅಂತಿದ್ದಾಳೆ," ಎಂದಳು ತಂಗಿ. ಅವಳ ಸಿಟ್ಟೆಲ್ಲ ಇಳಿದುಹೋಗಿತ್ತು. "ಪಾಪ ಅಕ್ಕಾ, ಅವಳದೇನೂ ಇಲ್ಲ. ನಿಂಗೂ ಆ ಗಾಬರೀಲಿ ಸ್ಟ್ರಿಪ್ ತೋರ್ಸೋದು ಮರೆತುಹೋಗಿರುತ್ತೆ, ಅವಳು ಅಂದಿದ್ದು ತಿಳಿದಿರಲ್ಲ. ಭಾಷೆ ಗೊತ್ತಿಲ್ದೆ ಆಗಿದ್ದು, ಯಾರ ತಪ್ಪೂ ಅಲ್ಲ. ಬಾ, ಹೋಗೋಣ."

ಸ್ಟೂಲಿನಿಂದ ಏಳಲು ನನ್ನ ಕಡೆ ಕೈ ಚಾಚಿದಳು. ಬಾಗಿಲು ತೆರೆದೇ ಇತ್ತು. ಆ ಮಾತನ್ನು ಹಿಡಿದುಕೊಂಡು ನಾನು ಹೊರಗೆ ನಡೆದುಬಿಡಬಹುದಿತ್ತು, ಆಮೇಲೆ ಯಾರೂ ಯಾವತ್ತೂ ಕೇಳುತ್ತಿರಲಿಲ್ಲ. ನಾನು ಅವಳ ಕೈ ಹಿಡಿದು ಎಬ್ಬಿಸಲಿಲ್ಲ. ಮಾಸ್ಕನ್ನು ಗದ್ದಕ್ಕೆ ಎಳೆದುಕೊಂಡೆ. ಸಾಲಿನಲ್ಲಿ ನಿಂತವರು ನೋಡಿದರು, ನೋಡಲಿ.

"ಕೂತ್ಕೋ. ಮಕಾನ್ ಗೊತ್ತಾಗ್ದೆ ಇದ್ದಿದ್ದು ಭಾಷೆ ಕಣೆ. ಸ್ಟ್ರಿಪ್ ಮರೆತಿರ್ಲಿಲ್ಲ, ನನ್ನ ಕೈಯಲ್ಲೇ ಇತ್ತು, ಚೀಲದಿಂದ ಹೊರಗೆ ತೆಗೀಲಿಲ್ಲ. ತೆಗೆದು ತೋರ್ಸೋಕೆ ಯಾವ ಭಾಷೆಯೂ ಬೇಕಿರ್ಲಿಲ್ಲ. ಜನ ನಗ್ತಾರೆ ಅಂತ ನಾಚ್ಕೊಂಡೆ. ಮನೆಗೆ ಬಂದು ಕೇಳ್ದೆ ಅಂತ ನಿಂಗೆ ಸುಳ್ಳು ಹೇಳ್ದೆ. ನೀನು ಆಸ್ಪತ್ರೆಯಿಂದ ಬಂದ ಮೇಲೂ ಬಾಯಿ ಮುಚ್ಕೊಂಡಿದ್ದೆ, ತಪ್ಪು ಇವಳ ಮೇಲೆ ಬರ್ತಿದ್ರೂ ಸುಮ್ಮನಿದ್ದೆ. ಯಾರ ತಪ್ಪೂ ಅಲ್ಲ ಅನ್ಬೇಡ. ನಾನು ತಪ್ಪು ಮಾಡಿದ್ದೀನಿ. ನನ್ನನ್ನ ಕ್ಷಮಿಸು. ಇವಳಿಗೂ ಹೇಳು, ಒಂದು ಮಾತೂ ಬಿಡದೆ ಹೇಳು, ಇವಳೂ ನನ್ನನ್ನ ಕ್ಷಮಿಸ್ಲಿ."